ಮೂಟೆ ಇಳಿಸಿ ಆರಿಸಿದ ಚಾಂಪಿಯನ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಗಂಡನ ಬೆನ್ನಿಗೆ ಏನೂ ಆಗಲಿಲ್ಲ. ಈಗಲೂ ಪಕ್ಕದ ಕೋಣೆಯಲ್ಲಿ ಟಿವಿ ಮುಂದೆ ಕಾಲು ನೀಡಿ ಕೂತು, ನೆಲಗಡಲೆಯ ಸಿಪ್ಪೆಯನ್ನು ಸೋಫಾದ ಮೇಲೆಲ್ಲ ಚೆಲ್ಲುತ್ತಿದ್ದಾರೆ. ಈ ವಿಷಯವನ್ನು ಕೊನೆಯವರೆಗೆ ಮುಚ್ಚಿಟ್ಟು ಓದುವವರ ಎದೆ ಹೊಡೆದುಕೊಳ್ಳುವಂತೆ ಮಾಡಬಹುದಿತ್ತು. ಆದರೆ ಇಷ್ಟು ವರ್ಷ ನರ್ಸ್ ಆಗಿ ದುಡಿದವಳು ನಾನು. ಹೊರಗೆ ಕಾಯುವವರಿಗೆ "ಪೇಶಂಟ್ ಹುಷಾರಿದ್ದಾರೆ" ಅಂತ ಮೊದಲು ಹೇಳಿ, ಉಳಿದದ್ದನ್ನು ಆಮೇಲೆ ಹೇಳುವುದು ನನ್ನ ರೂಢಿ.

ನಾವಿರುವುದು ಕೊಲ್ಲಿಯ ಮನಾಮ ನಗರದ ಸೆಗಯಾ ಬಡಾವಣೆಯಲ್ಲಿ, ಹಳೆಯ ಕಟ್ಟಡವೊಂದರ ಎರಡನೇ ಮಹಡಿ. ಅವರು ಒಂದು ಹೋಟೆಲಿನ ಸ್ಟೋರ್ ನೋಡಿಕೊಳ್ಳುತ್ತಾರೆ. ಆಳು ದೊಡ್ಡದು. ಮದುವೆಯ ದಿನ ನನ್ನ ಚಿಕ್ಕಮ್ಮ ಕಿವಿಯಲ್ಲಿ, "ಇವನಿಗೆ ಬೇಯಿಸಿ ಹಾಕಿಯೇ ನೀನು ಸವೆದು ಹೋಗ್ತಿ" ಎಂದಿದ್ದರು. ಬೇಯಿಸಿ ಹಾಕಿ ನಾನು ಸವೆಯಲಿಲ್ಲ. ಸವೆದದ್ದು ಅವರ ರೆಸ್ಲಿಂಗ್ ಕಥೆ ಕೇಳಿ ಕೇಳಿ. ಈಗಿನ ಹೊಗೆ, ಲೈಟು, ಪಟಾಕಿಯ ರೆಸ್ಲಿಂಗ್ ಅವರಿಗೆ ಸೇರುವುದಿಲ್ಲ. ಅವರದ್ದು ಅದಕ್ಕೂ ಹಿಂದಿನದು, ಅಮೆರಿಕದ ಕಪ್ಪು-ಬಿಳುಪು ಟಿವಿಯ ಕಾಲದ್ದು. ಶುಕ್ರವಾರ ಊಟ ಆಯಿತೆಂದರೆ ಫೋನಿನಲ್ಲಿ ಆ ಮಸುಕು ವಿಡಿಯೋಗಳು ಶುರು.

ಆ ಕಾಲದಲ್ಲಿ ದೇಶವನ್ನೆಲ್ಲ ಸೀಮೆ ಸೀಮೆಯಾಗಿ ಹಂಚಿಕೊಂಡಿದ್ದರಂತೆ. ಒಂದೊಂದು ಸೀಮೆಗೆ ಒಬ್ಬ ಯಜಮಾನ, ಅವನದೇ ಪೈಲ್ವಾನರು, ಅವನದೇ ಚಾಂಪಿಯನ್. ಒಬ್ಬನ ಸೀಮೆಗೆ ಇನ್ನೊಬ್ಬ ಕಾಲಿಡುವಂತಿಲ್ಲ. ವಿಶ್ವ ಚಾಂಪಿಯನ್ ಮಾತ್ರ ಎಲ್ಲರಿಗೂ ಸೇರಿ ಒಬ್ಬನೇ. ಅವನನ್ನು ಆರಿಸುತ್ತಿದ್ದದ್ದು ಕುಸ್ತಿಯ ಅಖಾಡದಲ್ಲಲ್ಲ. ಯಜಮಾನರೆಲ್ಲ ಬಾಗಿಲು ಹಾಕಿಕೊಂಡು ಕೂತು, ಚರ್ಚೆ ಮಾಡಿ, ಓಟು ಹಾಕಿ ಆರಿಸುತ್ತಿದ್ದರು. ಆಮೇಲೆ ಆ ಮನುಷ್ಯ ವರ್ಷವಿಡೀ ಊರೂರು ಸುತ್ತಬೇಕು, ಪ್ರತಿ ಊರಿನ ವೀರನ ಎದುರು ಆಡಬೇಕು. "ಛೇ, ನಮ್ಮವನಿಗೆ ಕೂದಲೆಳೆಯಲ್ಲಿ ತಪ್ಪಿಹೋಯಿತು" ಎಂದು ಊರಿನವರು ಹಲುಬುವ ಹಾಗೆ, ಎದುರಿನವನನ್ನು ದೊಡ್ಡವನಾಗಿ ತೋರಿಸಿ ಆಡಿ, ಚಾಂಪಿಯನ್ನಿನ ಸೊಂಟಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಮುಂದಿನ ಊರಿಗೆ ಹೋಗಬೇಕು. ಯಾವನಾದರೂ ದುರಾಸೆಗೆ ಬಿದ್ದು ಆಟದ ನಡುವೆ ನಿಜವಾಗಿಯೇ ಪಟ್ಟಿ ಕಸಿಯಲು ಬಂದರೆ ತಡೆಯುವ ತಾಕತ್ತೂ ಇರಬೇಕು.

"ಎಲ್ಲ ಮೊದಲೇ ಮಾತಾಡಿಕೊಂಡದ್ದಾದ್ರೆ ಅದನ್ನು ಎಂತ ನೋಡುದು?" ಎಂದು ನಾನೊಮ್ಮೆ ಕೇಳಿದ್ದೆ.

"ಬಯಲಾಟದಲ್ಲಿ ಮಹಿಷಾಸುರ ಸಾಯ್ತಾನೆ ಅಂತ ಗೊತ್ತಿದ್ದೇ ಜನ ಹೋಗುದಲ್ವಾ?" ಎಂದರು. ಮನೆಯಲ್ಲಿ ನಮ್ಮದು ಕೊಂಕಣಿ. ಜಗಳ ಸ್ವಲ್ಪ ಜೋರಾದರೆ ಮಾತ್ರ ಕನ್ನಡಕ್ಕೆ ಬರುತ್ತದೆ.

ಹಿಂದಿನ ವರ್ಷ ಅವರ ಬೆನ್ನಿನ ಡಿಸ್ಕ್ ಜಾರಿ ಆಪರೇಷನ್ ಆಯಿತು. ಒಳ್ಳೆಯದೇ ಆಯಿತು, ದೇವರು ದೊಡ್ಡವನು. ಆದರೆ ಅಂದಿನಿಂದ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಎಳೆಯುವುದು ನಾನು, ನೀರಿನ ಕ್ಯಾನ್ ಎತ್ತುವುದು ನಾನು, ಕಾರು ಓಡಿಸುವುದೂ ನಾನು. ಅವರು ಕುರ್ಚಿಯಿಂದ ಎದ್ದರೆ ಹೇಗೆ ಎದ್ದರು ಅಂತ ನೋಡುತ್ತೇನೆ, ಕೂತರೆ ಹೇಗೆ ಕೂತರು ಅಂತ ನೋಡುತ್ತೇನೆ. "ನೆಟ್ಟಗೆ ಕೂತುಕೊಳ್ಳಿ" ಎನ್ನುವುದು ನನಗೆ ಉಸಿರಾಟದಷ್ಟೇ ಸಹಜ. ಅವರು ಎದುರು ಮಾತಾಡದೆ ನೆಟ್ಟಗೆ ಕೂರುತ್ತಿದ್ದರು.

ಹೀಗಿರುವಾಗ ಇಲ್ಲಿರುವ ನಮ್ಮ ಕನ್ನಡದವರ ಕೂಟದ ಫ್ಯಾಮಿಲಿ ಡೇ ಬಂತು. ಮೊದಲೆಲ್ಲ ಸೆಗಯಾದವರು ಬೇರೆ, ಈಸಾ ಟೌನಿನವರು ಬೇರೆ, ಮೀನಾ ಸಲ್ಮಾನಿನ ಗೋದಾಮುಗಳ ಕಡೆಯವರು ಬೇರೆ ಎಂದು ಪಿಕ್ನಿಕ್ ಮಾಡುತ್ತಿದ್ದೆವು. ಪ್ರತಿಯೊಂದರಲ್ಲೂ ಗಂಡಸರು ಊಟದ ಮೊದಲು ನಗಿಸುವ ರೆಸ್ಲಿಂಗ್ ಆಡುತ್ತಿದ್ದರು, ಪ್ರತಿಯೊಂದಕ್ಕೂ ಒಬ್ಬೊಬ್ಬ ಚಾಂಪಿಯನ್ ಇದ್ದ. ಸೆಗಯಾದ ಚಾಂಪಿಯನ್, ಬೇರೆ ಯಾರು, ನಮ್ಮ ಮನೆಯ ಈ ಮಹಾಶಯರು. ಈ ಸಲ ಎಲ್ಲರೂ ಒಟ್ಟಿಗೆ ಸೇರುವುದೆಂದು ಆಯಿತು. ಒಟ್ಟಿಗೆ ಎಂದ ಮೇಲೆ ಎಲ್ಲರ ಮೇಲೊಬ್ಬ ವಿಶ್ವ ಚಾಂಪಿಯನ್ ಬೇಕಲ್ಲ! ಹಳೆಯ ಕ್ರಮದಲ್ಲೇ ಓಟು ಹಾಕಿ ಆರಿಸುವ, ಅವನು ಒಂದು ಸೀಮೆಯ ವೀರನ ಜೊತೆ ಆಡಲಿ, ಆಟ ಸಮಬಲದಲ್ಲಿ ಮುಗಿಯಲಿ ಎಂದು ಐಡಿಯಾ ಕೊಟ್ಟವರು ಯಾರು? ಅದೂ ಇವರೇ. ಸೀಮೆಯ ವೀರನಾಗಿ ಹೆಸರು ಕೊಟ್ಟದ್ದೂ ಇವರೇ.

ಕೇಳಿದ ಕೂಡಲೇ ನನ್ನ ಪಿತ್ತ ನೆತ್ತಿಗೇರಿತು. "ನಿಮಗೆ ತಲೆ ಸರಿ ಉಂಟಾ? ಬೆನ್ನಲ್ಲಿ ಹೊಲಿಗೆ ಹಾಕಿಸಿಕೊಂಡು ಕುಸ್ತಿಗೆ ಹೋಗ್ತೀರಾ?"

"ನಿಮ್ಮ ಡಾಕ್ಟರ್ ಹತ್ತಿರವೇ ಕೇಳು" ಎಂದರು, ಟಿವಿ ಕಡೆಯಿಂದ ಕಣ್ಣು ತೆಗೆಯದೆ.

ಕೇಳಿದೆ. ನಮ್ಮ ಆಸ್ಪತ್ರೆಯ ಸರ್ಜನ್ ಸ್ಕ್ಯಾನ್ ನೋಡಿ, "ಗಟ್ಟಿಯಾಗಿದೆ, ಆಡಲಿ ಬಿಡಿ. ಆದ್ರೆ ಯಾರಾದ್ರೂ ಎತ್ತಿ ಬೀಳಿಸಿದ್ರೆ ನನ್ನ ಹತ್ರ ಬರಬೇಡಿ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಎಲ್ಲ ಇರುವುದು ಎತ್ತುವವನ ಕೈಯಲ್ಲಿ ಅಂತಾಯಿತಲ್ಲ. ಮರುದಿನ ಸಂಜೆಯೇ ನಾನು ಕಾಕನ ಅಂಗಡಿಗೆ ಹೋದೆ.

ಕಾಕ ಎಂದರೆ ಸೆಗಯಾದಲ್ಲಿ ದಿನಸಿ ಅಂಗಡಿ ಇಟ್ಟಿರುವ ಬ್ಯಾರಿ ಹಿರಿಯರು, ನಮ್ಮ ಕೂಟಕ್ಕೆ ಅಧ್ಯಕ್ಷರ ಹಾಗೆ. ಅಂಗಡಿಯ ಹಿಂದಿನ ಗೋದಾಮಿನಲ್ಲಿ ವಿಶ್ವ ಚಾಂಪಿಯನ್ ಆಯ್ಕೆಯ ಸಭೆ ನಡೆಯುತ್ತಿತ್ತು. ಮೂಟೆಗಳ ಮೇಲೆ ಗಂಡಸರು, ಅವರ ಕೈಯಲ್ಲಿ ಕರಕ್ ಚಾ. ನನ್ನ ಗಂಡ ನನ್ನನ್ನು ಕಂಡು ಚಾ ಗಂಟಲಲ್ಲಿ ಸಿಕ್ಕಿ ಕೆಮ್ಮಿದರು.

ಚಾಂಪಿಯನ್ ಪಟ್ಟಕ್ಕೆ ಕಣದಲ್ಲಿ ಉಳಿದಿದ್ದವರು ಇಬ್ಬರು. ಒಬ್ಬ ಮೀನಾ ಸಲ್ಮಾನಿನ ಗೋದಾಮಿನ ಫೋರ್‌ಮನ್, ಎದೆ ಎಂದರೆ ಬಾಗಿಲಿನಷ್ಟು ಅಗಲ. ಇನ್ನೊಬ್ಬ ಈಸಾ ಟೌನಿನವನು, ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ, ಬೆಂಗಳೂರಿನವನು. ಜಿಮ್ಮಿಗೆ ಹೋಗಿ ತೋಳು ಉಬ್ಬಿಸಿಕೊಂಡಿದ್ದ, ಕೂದಲಿಗೆ ಜೆಲ್ ಹಚ್ಚಿದ್ದ. ಕನ್ನಡಿ ಕಂಡಲ್ಲೆಲ್ಲ ನಿಲ್ಲುವ ಜಾತಿ ಅಂತ ನನಗೆ ನೋಡಿದ ಕೂಡಲೇ ಅನಿಸಿತು. ಮನಸ್ಸಿನಲ್ಲೇ ಅವನ ಹೆಸರಿಗೆ ಅಡ್ಡಗೆರೆ ಎಳೆದೆ.

"ಸಿಸ್ಟರ್, ಎಂತ ಬೇಕಿತ್ತು?" ಕಾಕ ಎದ್ದು ನಿಂತರು.

"ನಂಗೊಂದು ಓಟು ಬೇಕಿತ್ತು ಕಾಕ. ಎತ್ತಿಸಿಕೊಳ್ಳುವವರು ನನ್ನ ಗಂಡ. ಎತ್ತುವವನನ್ನು ನಾನೇ ಆರಿಸುದು. ಇಲ್ಲದಿದ್ರೆ ಕುಸ್ತಿಯೂ ಇಲ್ಲ, ಎಂತದೂ ಇಲ್ಲ."

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಕ ಗಡ್ಡ ನೀವಿಕೊಂಡು, "ಅಷ್ಟೇ ಅಲ್ವಾ, ಆರಿಸಿ" ಎಂದರು.

ಆರಿಸುವುದು ಹೇಗೆ ಎಂದು ನಾನು ಯೋಚಿಸಿಯೇ ಬಂದಿರಲಿಲ್ಲ. ಎದುರಿಗೆ ದೊಡ್ಡ ಬಾಸ್ಮತಿ ಮೂಟೆ ಕಂಡಿತು. ವಾರ್ಡಿನಲ್ಲಿ ಹೊಸ ಹುಡುಗಿಯರಿಗೆ ನಾವು ಹೇಳುವ ಮಾತು ನೆನಪಾಯಿತು: ಪೇಶಂಟನ್ನು ಎತ್ತುವಾಗ ಎಲ್ಲರೂ ಹುಷಾರಾಗಿರುತ್ತಾರೆ, ಇಳಿಸುವಾಗ ಕೈ ಬಿಡುತ್ತಾರೆ. ಯಾರದೋ ತುಂಬಿದ ಚಾ ಗ್ಲಾಸನ್ನು ತೆಗೆದು ನೆಲದ ಮೇಲೆ, ಮೂಟೆಯ ಪಕ್ಕದಲ್ಲಿಟ್ಟೆ.

"ಮೂಟೆಯನ್ನು ಹೆಗಲಿನವರೆಗೆ ಎತ್ತಿ. ವಾಪಸ್ ಇಲ್ಲೇ ಇಳಿಸಿ. ಚಾ ಚೆಲ್ಲಬಾರದು."

ಫೋರ್‌ಮನ್ ಒಂದೇ ಏಟಿಗೆ ಎತ್ತಿದ. ಎತ್ತಿದ ಚಂದ ನೋಡಿ ನನ್ನ ಓಟು ಅವನಿಗೇ ಹೋಗಿಯಾಗಿತ್ತು. ಇಳಿಸುವಾಗ ಮಾತ್ರ ಧಡ್ ಎಂದಿತು. ಗ್ಲಾಸ್ ಉರುಳಿ ಚಾ ನನ್ನ ಚಪ್ಪಲಿಗೆ ಬಂತು. ಅವನೇ ಮೊದಲು ನಕ್ಕ. "ನಮ್ಮ ಕೈ ಹೀಗೇ ಸಿಸ್ಟರ್. ದಿನಾ ಲಾರಿಯಿಂದ ಮೂಟೆ ಎಸೆದೇ ಅಭ್ಯಾಸ. ಅಣ್ಣನ ಬೆನ್ನು ನನ್ನ ಕೈಗೆ ಕೊಡಬೇಡಿ."

ಬೆಂಗಳೂರಿನವನು ಬಂದ. ತೋಳು ಮಡಚಿದ, ಕುತ್ತಿಗೆ ಅಲ್ಲಾಡಿಸಿದ, ಎಲ್ಲ ಶೋಕಿ ಮುಗಿದ ಮೇಲೆ ಮೂಟೆ ಎತ್ತಿದ. ಇಳಿಸುವಾಗ ನನಗೆ ನಂಬಲಾಗಲಿಲ್ಲ. ಮಂಡಿ ಬಗ್ಗಿಸಿ, ಮೂಟೆಯ ಒಂದು ತುದಿಯನ್ನು ಮೊದಲು ನೆಲಕ್ಕೆ ತಾಗಿಸಿ, ಉಳಿದದ್ದನ್ನು ಮೆಲ್ಲ ಮೆಲ್ಲ ಒರಗಿಸಿ, ಅಡಿಯಿಂದ ಕೈಯನ್ನು ಒಂದೊಂದು ಬೆರಳಾಗಿ ತೆಗೆದ. ಚಾ ಅಲುಗಲಿಲ್ಲ.

"ಎಲ್ಲಿ ಕಲಿತಿರಿ ಇದನ್ನು?" ಎಂದೆ.

"ಮನೇಲಿ ಟ್ವಿನ್ಸ್ ಇದಾವೆ ಮೇಡಂ" ಎಂದ ಅವನು, ಸ್ವಲ್ಪ ನಾಚಿ. "ಒಂದನ್ನ ಮಲಗಿಸೋವಾಗ ಇನ್ನೊಂದು ಏಳ್ಬಾರ್ದು ನೋಡಿ."

ಹೀಗೆ ನಮ್ಮ ವಿಶ್ವ ಚಾಂಪಿಯನ್ನಿನ ಆಯ್ಕೆ ಆಯಿತು. ಮುಖ ನೋಡಿ ಮನುಷ್ಯರನ್ನು ಅಳೆಯುವ ನನ್ನ ಬುದ್ಧಿಗೆ ನಾನೇ ಒಂದು ಬೈಗುಳ ಬೈದುಕೊಂಡೆ. ಆದರೂ ಹೊರಡುವ ಮೊದಲು ಷರತ್ತು ಹಾಕದೆ ಬಿಡಲಿಲ್ಲ. ಎತ್ತುವುದು ಸೊಂಟದವರೆಗೆ ಮಾತ್ರ, ಅದೂ ಒಂದೇ ಸಲ. "ಡೋಂಟ್ ವರಿ ಮೇಡಂ, ನಾನು ನೋಡ್ಕೋತೀನಿ" ಎಂದು ಅವನು ಕೈಮೇಲೆ ಕೈಯಿಟ್ಟು ಮಾತು ಕೊಟ್ಟ.

ಚಳಿಗಾಲದ ಒಂದು ಶುಕ್ರವಾರ, ಬುದೈಯಾ ಕಡೆ ಬಾಡಿಗೆಗೆ ಹಿಡಿದ ತೋಟದಲ್ಲಿ ಆಟ. ಕರಾಟೆ ಕ್ಲಾಸಿನಿಂದ ತಂದ ಮ್ಯಾಟುಗಳನ್ನು ಹುಲ್ಲಿನ ಮೇಲೆ ಹಾಸಿದ್ದರು. ಕಾಕ ಟೈಮ್ ನೋಡುವವರು. ಕೈಯಲ್ಲಿ ಸ್ಟೀಲಿನ ಹರಿವಾಣ ಮತ್ತು ಸೌಟು. ಸಮಯ ಆದ ಕೂಡಲೇ ಬಡಿದರೆ ಆಟ ಬಂದ್. ನಾನು ಫಸ್ಟ್ ಏಡ್ ಪೆಟ್ಟಿಗೆ ಹಿಡಿದು ಮ್ಯಾಟಿನ ಅಂಚಿನಲ್ಲೇ ಕೂತೆ. ಬೆಳಿಗ್ಗೆಯಿಂದ ಒಂದು ತುತ್ತು ಇಳಿದಿರಲಿಲ್ಲ.

ಚಾಂಪಿಯನ್ ಬಂದ ಗತ್ತೇನು, ಮೀಸೆ ತಿರುವಿದ್ದೇನು! ಜನ ಅವನಿಗೆ ಬೊಬ್ಬೆ ಹಾಕಿ ಉಗಿದರು. ನನ್ನ ಗಂಡ ತಳ್ಳಿದರೆ ಅವನು ಹಾರಿ ಬೀಳುವುದು, ಕೈ ತಿರುಚಿದರೆ ಅಯ್ಯಯ್ಯೋ ಎಂದು ಮ್ಯಾಟ್ ಬಡಿಯುವುದು. ಇಂಥ ದೇಹದವನು ನಮ್ಮವರ ಒಂದು ಕೈಗೆ ತತ್ತರಿಸುವುದನ್ನು ನೋಡಿ ಸೆಗಯಾದ ಹೆಂಗಸರೆಲ್ಲ ಎದ್ದು ನಿಂತರು. ಹತ್ತಿರ ಕೂತ ನನಗೆ ಮಾತ್ರ ಇನ್ನೊಂದು ಕೇಳಿಸುತ್ತಿತ್ತು. ಪ್ರತಿ ಹಿಡಿತದಲ್ಲೂ ಅವನು ಕಿವಿಯ ಹತ್ತಿರ ಬಾಯಿ ತಂದು, "ಬೆನ್ನು ಓಕೆನಾ ಸರ್?" ಎಂದು ಕೇಳುತ್ತಿದ್ದ. ಇವರು ಹ್ಞೂಂ ಎನ್ನುತ್ತಿದ್ದರು. ಮಾತಿನಂತೆ ಸೊಂಟದವರೆಗೆ ಒಮ್ಮೆ ಎತ್ತಿದ, ಹೂವಿನಂತೆ ಇಳಿಸಿದ. ಇನ್ನು ಹರಿವಾಣ ಬಡಿದರೆ ಮುಗಿಯಿತು.

ಹರಿವಾಣ ಬಡಿಯಲೇ ಇಲ್ಲ! ತಿರುಗಿ ನೋಡಿದರೆ ಕಾಕ ಕುರ್ಚಿಯ ಮೇಲೆ ಹತ್ತಿ ನಿಂತು, ಸೌಟನ್ನು ಗಾಳಿಯಲ್ಲಿ ಬೀಸುತ್ತ, "ಬಿಡಬೇಡ ಮಾರಾಯ, ಹಿಡಿ ಅವನನ್ನು!" ಎಂದು ನನ್ನ ಗಂಡನಿಗೆ ಕೂಗುತ್ತಿದ್ದರು. ಟೈಮ್ ನೋಡಬೇಕಾದವರೇ ಸೆಗಯಾದ ಕಡೆ ಸೇರಿಬಿಟ್ಟಿದ್ದರು. "ಕಾಕಾ, ಹರಿವಾಣ!" ಎಂದು ಕಿರುಚಿದೆ. ಅಷ್ಟರಲ್ಲಿ ಮ್ಯಾಟಿನ ಮೇಲೆ ಇಬ್ಬರೂ ತಲೆಗೆ ತಲೆ ಕೊಟ್ಟು ಏನೋ ಪಿಸುಗುಟ್ಟಿದರು. ಚಾಂಪಿಯನ್ ತಲೆಯಲ್ಲಾಡಿಸಿದ. ಮತ್ತೆ ಪಿಸುಮಾತು. ಮರುಕ್ಷಣ ಅವನು ನನ್ನ ಗಂಡನನ್ನು ಎತ್ತಿದ, ಸೊಂಟಕ್ಕಲ್ಲ, ಹೆಗಲಿಗೆ. ಹೆಗಲಿಗೂ ಅಲ್ಲ, ಅದರ ಮೇಲೆ, ತಲೆಗೂ ಮೇಲೆ.

ನಾನು ಹೇಗೆ ಕೂಗಿದೆನೋ ಗೊತ್ತಿಲ್ಲ. ಪೆಟ್ಟಿಗೆ ಎಲ್ಲೋ ಬಿತ್ತು. ಆ ದೊಡ್ಡ ದೇಹ ಮೇಲೆ ಅಡ್ಡಡ್ಡ ಮಲಗಿತ್ತು, ಮುಖ ನನ್ನ ಕಡೆಗಿತ್ತು. ಕಾಕ ಕೊನೆಗೂ ಹರಿವಾಣ ಬಡಿದರು. ಚಾಂಪಿಯನ್ ಮಂಡಿ ಬಗ್ಗಿಸಿ, ಮೊದಲು ಕಾಲು, ಆಮೇಲೆ ಸೊಂಟ, ಆಮೇಲೆ ಹೆಗಲು ಎಂದು ಅವರನ್ನು ಮ್ಯಾಟಿಗೆ ಇಳಿಸಿ, ತಲೆಯ ಅಡಿಯಿಂದ ಕೈ ತೆಗೆದ. ತೋಟವೆಲ್ಲ ಚಪ್ಪಾಳೆ. ಸಮಬಲ ಎಂದು ಕಾಕ ಸಾರಿದರು.

ನಾನು ಓಡಿಹೋಗಿ ಕಾಲಿನ ಬೆರಳು ಆಡಿಸಿ ಎಂದೆ, ಆಡಿಸಿದರು. ಎದ್ದು ನಿಲ್ಲಿ ಎಂದೆ, ನಿಂತರು. ಬಗ್ಗಿ ಎಂದೆ, ಬಗ್ಗಿದರು. ಏನೂ ಆಗಿರಲಿಲ್ಲ. ಅಬ್ಬ, ದೇವರೇ! ಉಸಿರು ಬಂದ ಕೂಡಲೇ ಸಿಟ್ಟೂ ಬಂತು. ನೆಟ್ಟಗೆ ಹೋಗಿ ಎಲ್ಲರೆದುರು ಚಾಂಪಿಯನ್ನಿಗೆ ಬೈದೆ. "ನಿಮ್ಮನ್ನು ನಂಬಿದ್ದಲ್ವಾ ನಾನು? ಸೊಂಟದವರೆಗೆ ಅಂತ ಹೇಳಿದ್ದಾ ಇಲ್ವಾ? ಚಪ್ಪಾಳೆ ಬೇಕಿತ್ತಾ ನಿಮಗೆ? ಮರ್ಯಾದೆ ಉಂಟಾ?" ಬಾಯಿಗೆ ಬಂದದ್ದೆಲ್ಲ ಬೈದೆ. ಅವನ ಹೆಂಡತಿಯೂ ಅಲ್ಲೇ ಇದ್ದಳು. ಅವನು ತಲೆ ತಗ್ಗಿಸಿ, "ಸಾರಿ ಮೇಡಂ, ನಂದೇ ತಪ್ಪು" ಎಂದನೇ ಹೊರತು ಇನ್ನೊಂದು ಮಾತು ಆಡಲಿಲ್ಲ.

ಸಂಜೆ ಮಸೀದಿಯ ಬಾಂಗಿನ ಹೊತ್ತಿಗೆ ಹೊರಟೆವು. ಇವರು ಪಕ್ಕದಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದರು. ಸ್ವಲ್ಪ ದೂರ ಬಂದ ಮೇಲೆ ಮೆಲ್ಲಗೆ, "ಅವನಿಗೆ ಬೈಬಾರದಿತ್ತು ನೀನು" ಎಂದರು. "ಎತ್ತು ಅಂತ ಹೇಳಿದ್ದು ನಾನು. ಅವನು ಬೇಡ ಅಂದ. ನಾನೇ ಹಠ ಹಿಡಿದೆ, ತಲೆ ಮೇಲೆ ಎತ್ತು ಅಂತ."

ನಾನು ಕಾರಿನ ವೇಗ ಇಳಿಸಿದೆ. "ಅಷ್ಟು ಬೈದೆನಲ್ಲ, ಆ ಮನುಷ್ಯ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನಾನು ನಿನ್ನೆದುರು ಸಣ್ಣವನಾಗ್ತಿದ್ದೆ. ಅವನು ಚಾಂಪಿಯನ್ ಅಲ್ವಾ."

"ನಿಮಗೆ ಎಂತಕ್ಕೆ ಬೇಕಿತ್ತು ಅಷ್ಟು ಎತ್ತರ? ಬಿದ್ದಿದ್ರೆ?"

ಅವರು ಕಿಟಕಿಯಿಂದ ಮುಖ ತಿರುಗಿಸಿದರು. "ಆಪರೇಷನ್ ಆದ ಮೇಲೆ ನೀನು ಯಾವಾಗ ನೋಡಿದ್ರೂ ನನ್ನ ಬೆನ್ನನ್ನೇ ನೋಡುದು ಮಾರಾಯ್ತಿ. ಹೇಗೆ ಕೂತೆ, ಹೇಗೆ ಎದ್ದೆ ಅಂತ. ಅಲ್ಲಿ ಮೇಲಿಂದ ನೋಡಿದೆ, ನೀನು ನನ್ನ ಮುಖ ನೋಡ್ತಾ ಇದ್ದಿ."

ಬೈಯಲು ಬಾಯಿ ತೆರೆದೆ, ಕಣ್ಣಲ್ಲಿ ನೀರು ಬಂತು. ಎದುರಿನ ಸಿಗ್ನಲ್ ಕೆಂಪಾಗಿತ್ತು. ಕಾರು ನಿಲ್ಲಿಸಿ ತಿರುಗಿ ಅವರ ಮುಖ ನೋಡಿದೆ. ಹುಬ್ಬಿನಲ್ಲೂ ಬಿಳಿ ಕೂದಲು ಬಂದಿತ್ತು, ಯಾವಾಗ ಬಂತೆಂದು ನನಗೆ ಗೊತ್ತೇ ಇರಲಿಲ್ಲ. ಹಿಂದಿನ ಕಾರಿನವನು ಹಾರ್ನ್ ಹೊಡೆದು ಹೊಡೆದು ಸುಸ್ತಾಗುವವರೆಗೂ ನೋಡಿದೆ.