ಖಾಲಾನ ಟ್ರಂಕಿನೊಳಗಿನ ಬಾವುಟ

ಮೊನ್ನೆ ಮಕ್ಕಳಿಗೆ ಬಾವುಟದ ಪಾಠ ಹೇಳಬೇಕೆಂದು ಹಳೆಯ ಟ್ರಂಕಿನ ಮುಚ್ಚಳ ಎತ್ತಿದೆ. ಲವಂಗದ ಸಣ್ಣ ವಾಸನೆ ಬಂತು. ಆಮೇಲೆ ಪಾಠವೂ ಇಲ್ಲ, ಏನೂ ಇಲ್ಲ, ಸುಮ್ಮನೆ ಕುಳಿತುಬಿಟ್ಟೆ...

ನನ್ನ ಮಕ್ಕಳಿಬ್ಬರನ್ನೂ ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತೇನೆ. ನೆಂಟರು ಮೂಗು ಮುರಿಯುತ್ತಾರೆ. ಮುರಿಯಲಿ. ನಾನೂ ಹಾಗೆ ಕಲಿತವಳೇ. ಚಿಕ್ಕವಳಿದ್ದಾಗ ಕೀಲುಗಳೆಲ್ಲ ಬಾತು, ನಡೆಯಲಾಗದೆ ಶಾಲೆ ಬಿಟ್ಟಿದ್ದೆ. ನಾನು ಹೋಗುವುದಿಲ್ಲವೆಂದು ತಂಗಿಯೂ ಹಟ ಮಾಡಿ ಕುಳಿತಳು. ಗೋಳಗುಮ್ಮಟದ ಹಿಂದಿನ ನಮ್ಮ ಓಣಿಯಲ್ಲಿ, ಗೋಡೆಗೆ ಗೋಡೆ ಹತ್ತಿದ ಮನೆಯವರು, ಚಿಕ್ಕಮ್ಮ ಎನ್ನುವಂತೆ ನಾವು ಖಾಲಾ ಎನ್ನುತ್ತಿದ್ದವರು, ನಮ್ಮಿಬ್ಬರಿಗೂ ಪಾಠ ಹೇಳಿದರು.

ಅವರಿಗೆ ಬಾವುಟಗಳ ಹುಚ್ಚು. ಬಣ್ಣದ ಕಾಗದ ಕತ್ತರಿಸಿ, ಗಂಜಿ ಹಚ್ಚಿ, ದೇಶದೇಶದ ಬಾವುಟ ಮಾಡಿಸುತ್ತಿದ್ದರು. ನಮ್ಮ ಬಾವುಟದ ನಡುವೆ ಮೊದಲು ಚರಕವಿತ್ತು, ಆಮೇಲೆ ಚಕ್ರ ಬಂತು ಎಂದು ಚರಕದ ಚಿತ್ರದ ಮೇಲೇ ಚಕ್ರ ಅಂಟಿಸಿ ತೋರಿಸಿದರು.

“ಚರಕ ಎಲ್ಲಿ ಹೋತ್ರಿ ಖಾಲಾ?” ಎಂದಳು ತಂಗಿ.

“ಎಲ್ಲೂ ಹೋಗಿಲ್ಲ ಯವ್ವಾ. ತೆಳಗ ಐತಿ.”

ಬಟ್ಟೆಯ ನಿಜವಾದ ಬಾವುಟವೊಂದು ಅವರ ಟ್ರಂಕಿನಲ್ಲಿತ್ತು. ಪಾಠಕ್ಕೆಂದು ಅದನ್ನು ಎಂದೂ ತೆಗೆಯಲಿಲ್ಲ. ಸಂಜೆ ಮಾತ್ರ ಮುಚ್ಚಳವನ್ನು ಗೇಣಷ್ಟು ಎತ್ತಿ, ಮುಖ ಒಳಗಿಟ್ಟು, ಉಸಿರೆಳೆದುಕೊಂಡು ಮತ್ತೆ ಮುಚ್ಚುತ್ತಿದ್ದರು. ಇಲಿ ಹುಡುಕುತ್ತಾರೆಂದು ನಾನೂ ತಂಗಿಯೂ ಕಿಸಕ್ಕನೆ ನಗುತ್ತಿದ್ದೆವು.

ಒಂದು ವರ್ಷ ಸ್ವಾತಂತ್ರ್ಯ ದಿನದ ಹಿಂದಿನ ದಿನ ಖಾಲಾ ನಮ್ಮ ಮನೆಗೆ ಕೀಲಿಕೈ ಕೊಟ್ಟು ತಮ್ಮೂರು ಜೈನಾಪುರಕ್ಕೆ ಹೋಗಿದ್ದರು. ಮಕ್ಕಳಿಗೆ ಅಕ್ಷರ ಕೊಟ್ಟವರಿಗೆ ಏನಾದರೂ ಮಾಡಬೇಕೆಂಬ ಆಸೆ ಅವ್ವನಿಗೆ. ಅವರು ಬರುವಷ್ಟರಲ್ಲಿ ಆ ಬಾವುಟ ತೆಗೆದು, ಕಲೆ ಹೋಗುವಂತೆ ತಿಕ್ಕಿ ತೊಳೆದು, ಮಾಳಿಗೆಯ ಹಗ್ಗಕ್ಕೆ ಹಾಕಿದಳು.

ಖಾಲಾ ಮೆಟ್ಟಿಲು ಹತ್ತಿ ಬಂದವರು ಅಲ್ಲೇ ನಿಂತರು.

“ಇದನ್ಯಾರ ತೊಳದಾರ?”

“ನಾನರಿ ಅಕ್ಕಾರ,” ಎಂದಳು ಅವ್ವ ಖುಷಿಯಿಂದ. “ಬಾಳ ಮಾಸಿತ್ರಿ. ನಾಳಿಗೆ ಹಸನಾಗಿ ಇರಲಿ ಅಂತ...”

ಖಾಲಾ ಒದ್ದೆ ಬಟ್ಟೆಗೆ ಮುಖ ಒತ್ತಿದರು. “ಇದರಾಗ ನನ್ನ ತಮ್ಮನ ವಾಸನಿ ಇತ್ತವಾ,” ಎಂದರು. “ಈಗ ಬರೇ ಸಬಕಾರದ ವಾಸನಿ ಬರಾಕತ್ತೈತಿ.”

ಅವರು ಎತ್ತಿ ಆಡಿಸಿ ಬೆಳೆಸಿದ ತಮ್ಮ ಸೈನ್ಯದಲ್ಲಿ ತೀರಿಕೊಂಡದ್ದು ಓಣಿಗೆಲ್ಲ ಗೊತ್ತಿತ್ತು. ಅವನ ಶವಪೆಟ್ಟಿಗೆಯ ಮೇಲೆ ಹೊದಿಸಿದ್ದ ಬಾವುಟ ಇದೇ ಎಂದು ಗೊತ್ತಿರಲಿಲ್ಲ. ಬಾವುಟವನ್ನು ಮಣ್ಣಿಗೆ ಇಳಿಸುವಂತಿಲ್ಲ. ಅದಕ್ಕೇ ಮಡಿಸಿ ಅಕ್ಕನ ಕೈಗಿಟ್ಟಿದ್ದರು. ಮಡಿಕೆಯಲ್ಲಿ ಅಂದಿನ ಗುಲಾಬಿ ಎಸಳುಗಳೂ ಇದ್ದವು. ಖಾಲಾ ಒಗೆಯುವ ಕಲ್ಲಿನ ಬಳಿ ಕುಳಿತು ಅವನ್ನು ಮೋರಿಯಿಂದ ಹೆಕ್ಕತೊಡಗಿದರು. ಅವ್ವನೂ ಅಳುತ್ತ ಹೆಕ್ಕಿದಳು. ಸಿಕ್ಕದ್ದು ಒಂದು ಚಿಟಿಕೆ...

ಬಾವುಟ ಒಣಗಿದ ಮೇಲೆ ಖಾಲಾ ನಮ್ಮಿಬ್ಬರನ್ನೂ ಕರೆದು ಮಡಿಸುವುದನ್ನು ಕಲಿಸಿದರು. ಕೇಸರಿ, ಹಸಿರು ಎರಡನ್ನೂ ಬಿಳಿಯ ಕೆಳಗೆ ಸರಿಸಿ, ಚಕ್ರ ಮೇಲೆ ಬರುವಂತೆ. ಒಳಗೆ ಒಂದು ಹಿಡಿ ಲವಂಗ ಹಾಕಿದರು. “ವಾಸನಿ ಅಂತೂ ಹೋತು. ಹುಳಾನರ ಬೀಳದಿರಲಿ,” ಎಂದರು.

ಅಂದಿನಿಂದ ಸಂಜೆ ಅವರು ಆ ಮುಚ್ಚಳ ಎತ್ತಲಿಲ್ಲ. ನಾವೂ ಇಲಿಯ ಮಾತು ಎತ್ತಲಿಲ್ಲ. ಅವ್ವ ಸಾಯುವವರೆಗೂ ಆ ಮನೆಯ ಬಾಗಿಲು ದಾಟುವಾಗ ತಲೆ ತಗ್ಗಿಸುತ್ತಿದ್ದಳು. ಖಾಲಾ ಹೋಗುವ ಮುನ್ನ ಟ್ರಂಕು ನನಗೇ ಬರಬೇಕೆಂದು ಹೇಳಿದ್ದರಂತೆ. ಯಾಕೆ ನನಗೇ ಎಂದು ಕೇಳಲು ಅವರಿಲ್ಲ...

ಮೊನ್ನೆ ಮಗಳು ಬಾವುಟ ಮುಟ್ಟಿ ನೋಡಿ, “ಅವ್ವಾ, ಒಗದ ಹಾಕೂಣೇನ?” ಎಂದಳು. ಬೇಡವೆಂದು ಕಸಿದುಕೊಂಡೆ. ಲವಂಗ ಒಣಗಿ ಹುಡಿಯಾಗಿದೆ. ಹೊಸದು ಹಾಕಬಹುದು, ಆದರೆ ಅದು ಖಾಲಾ ಹಾಕಿದ್ದಲ್ಲ.

ಸಂಜೆ ಮುಚ್ಚಳವನ್ನು ಸ್ವಲ್ಪವೇ ಎತ್ತಿ ಮುಖ ಒಳಗಿಟ್ಟೆ. ಹಿಂದೆ ಮಕ್ಕಳು ಕಿಸಕ್ಕನೆ ನಕ್ಕರು.

“ಒಳಗ ಇಲಿ ಐತೇನ ಅವ್ವಾ?”

“ಇಲ್ಲ ಯವ್ವಾ,” ಎಂದೆ. “ಯಾರೂ ಇಲ್ಲ.”