ಬೆನ್ನು ನೋಡಲೊಬ್ಬರು

ಹೆಂಚಿನಣ್ಣ ಅಂತ ಒಬ್ಬರಿದ್ದರು. ತಾಯಿ ಇಟ್ಟ ಹೆಸರು ಬೇರೆಯಿತ್ತೆನ್ನಿ, ಆದರೆ ಮನೆಮನೆಯ ಮಾಡಿಗೆ ಹೆಂಚು ಹೊದಿಸುವವರನ್ನು ಜನ ಇನ್ನೇನೆಂದು ಕರೆದಾರು? ಅಂಗಿ ಬಿಚ್ಚಿ ಸೊಂಟಕ್ಕೆ ಕಟ್ಟಿ, ಉರಿಬಿಸಿಲಿಗೆ ಬೆನ್ನು ಕೊಟ್ಟು ದುಡಿಯುವುದು ಅವರ ಬದುಕು. ಕೆಳಗಿಳಿದರೆ ಎರಡು ಕೋಣೆ, ಒಂದು ತಟ್ಟೆ, ಒಂದು ಲೋಟ. ಹೆಂಡತಿ ತೀರಿಹೋದ ಮೇಲೆ ಆ ಮನೆಯಲ್ಲಿ ಸದ್ದು ಮಾಡುತ್ತಿದ್ದದ್ದು ತೊಟ್ಟಿಕ್ಕುವ ನಲ್ಲಿ ಮಾತ್ರ.

ಅದೇ ಮನೆಯ ಮಹಡಿಯ ಮೇಲೆ ತಮ್ಮನಿದ್ದ. ಇದ್ದರೇನು, ಮಾತಿಲ್ಲ. ಹಿಂದೆ ಅವನೂ ಹೆಂಚಿನ ಕೆಲಸದವನೇ. ಒಮ್ಮೆ ಮಾಡಿನಿಂದ ಬಿದ್ದವನು ಮತ್ತೆ ಹತ್ತಲು ಒಪ್ಪದಿದ್ದಾಗ ಅಣ್ಣ ಎಲ್ಲರೆದುರು, "ಬಳೆ ತೊಟ್ಕೊಂಡು ಮನೇಲಿರು ಹೋಗು" ಅಂದುಬಿಟ್ಟಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ತನ್ನ ಬೆನ್ನು ತನಗೆ ಕಾಣದು. ಹೆಂಡತಿ ಇದ್ದಾಗ ಉಜ್ಜುತ್ತಿದ್ದಳು. ಈಗ ತುರಿಸಿದರೆ ಬಾಗಿಲ ಚೌಕಟ್ಟೇ ಗತಿ. ಕೊನೆಗೆ ಇಸ್ತ್ರಿ ಅಂಗಡಿಯಾಕೆ ಹೇಳಿದಳು: "ಅಣ್ಣಾ, ನಿಮ್ಮ ಎಲ್ಲಾ ಅಂಗೀಲೂ ಒಂದೇ ಜಾಗದಲ್ಲಿ ರಕ್ತದ ಕಲೆ. ಹೋಗಿ ಯಾರಿಗಾದ್ರೂ ತೋರ್ಸಿ."

ಆಸ್ಪತ್ರೆಯಲ್ಲಿ ಬೆನ್ನ ಮೇಲಿನ ಮಚ್ಚೆಯನ್ನು ಕತ್ತರಿಸಿ ತೆಗೆದರು. ಚರ್ಮದ ಕ್ಯಾನ್ಸರ್, ಕಂಕುಳಿಗೂ ಹಬ್ಬಿತ್ತು.

ಡಾಕ್ಟರಮ್ಮ ಬಿಡಿಸಿ ಹೇಳಿದರು: "ಜೀವಕೋಶದೊಳಗೆ ಒಂದು ಕಿಣ್ವ ಇರುತ್ತೆ. ಹೊರಗಿಂದ 'ಬೆಳಿ' ಅಂತ ಸಂದೇಶ ಬಂದ್ರೆ ಒಳಗೆ ದಾಟಿಸೋದು, ಆಮೇಲೆ ಸುಮ್ಮನಾಗೋದು ಅದರ ಕೆಲಸ. ನಿಮ್ಮ ಮಚ್ಚೇಲಿ ಅದು ಕೆಟ್ಟಿದೆ. ಯಾರೂ ಹೇಳದಿದ್ರೂ 'ಬೆಳಿ, ಬೆಳಿ' ಅಂತ ಕೂಗ್ತಾನೇ ಇದೆ."

"ನಮ್ಮ ಮೇಸ್ತ್ರಿ ಥರ ಅನ್ನಿ. ಮನೆ ಯಜಮಾನ ಹೋದ್ರೂ ಇವನ ಕೂಗಾಟ ನಿಲ್ಲಲ್ಲ."

ಡಾಕ್ಟರಮ್ಮ ನಕ್ಕರು. "ಅದರ ಬಾಯಿ ಕಟ್ಟೋಕೆ ಮಾತ್ರೆ ಇದೆ. ಆದ್ರೆ ಅದೇ ಮಾತ್ರೆ ಚರ್ಮದ ಬೇರೆ ಕಡೆ ಸರಿಯಾಗಿರೋ ಕಿಣ್ವಾನ ಒಮ್ಮೊಮ್ಮೆ ಕೆರಳಿಸುತ್ತೆ. ಹೊಸ ಗಂಟು ಎದ್ರೆ ಬೇಗ ಗೊತ್ತಾಗ್ಬೇಕು. ವಾರವಾರ ಬೆನ್ನು ನೋಡೋಕೆ ಮನೇಲಿ ಯಾರಿದಾರೆ?"

"ತಮ್ಮ ಇದಾನೆ" ಅಂದರು ಹೆಂಚಿನಣ್ಣ.

ಆದರೆ ಮಹಡಿ ಹತ್ತುವ ಬದಲು ಎರಡು ಕನ್ನಡಿ ತಂದರು. ಒಂದು ಗೋಡೆಗೆ, ಒಂದು ಕೈಗೆ. ಭುಜ ಕಂಡರೆ ಸೊಂಟವಿಲ್ಲ, ಸೊಂಟ ಕಂಡರೂ ಕಣ್ಣಿಗೆ ಮಂಜುಮಂಜು. ಆದರೂ ಆಸ್ಪತ್ರೆಗೆ ಹೋದಾಗೆಲ್ಲ, "ತಮ್ಮ ನೋಡ್ದ, ಏನೂ ಇಲ್ಲ" ಅನ್ನುತ್ತಿದ್ದರು. ಹಾಗೆನ್ನುವಾಗ ಯಾರೋ ನಿಜಕ್ಕೂ ನೋಡಿದ್ದಾರೆ ಅನಿಸಿ ಒಂದು ಗಳಿಗೆ ಹಾಯೆನಿಸುತ್ತಿತ್ತು.

ಒಂದು ಸಲ ಡಾಕ್ಟರಮ್ಮ ತಾವೇ ಅಂಗಿ ಎತ್ತಿಸಿ ನೋಡಿದರು. ಕಡಲೆಬೀಜದಷ್ಟು ದೊಡ್ಡ ಗಂಟು.

"ನಿಮ್ಮ ತಮ್ಮಂಗೆ ಕಣ್ಣು ಕಾಣಲ್ವಾ?"

ಹೆಂಚಿನಣ್ಣ ಅಂಗಿ ಇಳಿಸಲು ಹೋದರು. ಡಾಕ್ಟರಮ್ಮ ತಡೆದರು.

"ಇದನ್ನ ತೆಗೀತೀನಿ, ಭಯ ಇಲ್ಲ. ಮುಂದಿಂದು ತಡವಾದ್ರೆ ನಾನು ಜವಾಬ್ದಾರಳಲ್ಲ."

ಹೊಲಿಗೆ ಹಾಕಿಸಿಕೊಂಡು ಬಂದ ಹೆಂಚಿನಣ್ಣ ಮೆಟ್ಟಿಲ ಬುಡದಲ್ಲಿ ನಿಂತರು. ಎಂಥೆಂಥ ಮಾಡು ಹತ್ತಿದವರಿಗೆ ಆ ಹತ್ತಿಪ್ಪತ್ತು ಮೆಟ್ಟಿಲು ಬೆಟ್ಟವಾಯಿತು. ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಕೊನೆಗೆ ಬಾಗಿಲು ತಟ್ಟಿದರು.

ತಮ್ಮ ತೆರೆದ. "ಏನು?"

ಹೆಂಚಿನಣ್ಣ ತಿರುಗಿ ನಿಂತು ಅಂಗಿ ಎತ್ತಿದರು.

"ಅಯ್ಯೋ ಅಣ್ಣ! ಯಾವಾಗ ಆಯ್ತು ಇದು? ಕೆಳಗೇ ಇದ್ದು ಒಂದು ಮಾತು ಹೇಳಬಾರದಾ?"

"ವಾರಕ್ಕೊಂದ್ಸಲ ಯಾರಾದ್ರೂ ನೋಡ್ಬೇಕಂತೆ ಕಣೋ." ಆಮೇಲೆ ಗೋಡೆಯನ್ನೇ ನೋಡುತ್ತ, "ಅವತ್ತು ನಾನು ಅಂದಿದ್ದು..."

"ಬೆಳಕಿಗೆ ತಿರುಗು."

ತಮ್ಮ ಕನ್ನಡಕ ಹಾಕಿಕೊಂಡು ಬಂದ. ಬೆರಳು ಹೊಲಿಗೆಯ ಪಕ್ಕ ಮೆಲ್ಲಗೆ ಸರಿದು ಒಂದು ಕಡೆ ನಿಂತಿತು. "ಇಲ್ಲೊಂದು ಕೆಂಪಗಿದೆ."

"ಸೊಳ್ಳೆ ಕಚ್ಚಿರ್ಬೇಕು."

"ನೋಡ್ತಿರೋನು ನಾನೋ ನೀನೋ? ಬಾಯ್ಮುಚ್ಕೊಂಡು ನಿಂತ್ಕೋ."

ಹೆಂಚಿನಣ್ಣ ನಿಂತರು.