ಸೋದರಮಾವನ ಸಪಾಟು ಹೊಟ್ಟೆ

ಕಳೆದ ಭಾನುವಾರ ನನ್ನ ಹೊಟ್ಟೆ ಹತ್ತು ನಿಮಿಷದಲ್ಲಿ ಕರಗಿತು. ವಾಕಿಂಗ್ ಇಲ್ಲ, ಡಯಟ್ ಇಲ್ಲ. ಅಕ್ಕನ ಮನೆಯ ಸೋಫಾದಲ್ಲಿ ಕೂತು ಮಂಡಕ್ಕಿ ಸುಸಲಾ, ಮಿರ್ಚಿ ಭಜಿ ತಿನ್ನುತ್ತಿದ್ದೆ, ಅಷ್ಟೇ.

ಕರಗಿಸಿದವಳು ಅಕ್ಕನ ಮಗಳು ಅಶ್ವಿನಿ. ಕಲಬುರಗಿಯಲ್ಲೇ ಕೂತು ಮಕ್ಕಳ ಕಾರ್ಟೂನ್‌ಗಳಿಗೆ ಕಂಪ್ಯೂಟರಿನಲ್ಲಿ ಗೊಂಬೆ ಮಾಡಿಕೊಡುವುದು ಅವಳ ಕೆಲಸ. ಮುಂದಿನ ತಿಂಗಳು ಅವಳ ಮದುವೆ. ಗಂಡು ಕಮಲಾಪುರದವ. ಲಗ್ನಪತ್ರಿಕೆಯ ಬದಲು, ಎರಡೂ ಮನೆಯವರು ಗೊಂಬೆಗಳಾಗಿ ಬಂದು ಕೈಮುಗಿಯುವ ವಿಡಿಯೊ ಮಾಡಲು ಕೂತಿದ್ದಳು.

ಗೊಂಬೆ ಆಗುವುದು ಹೀಗೆ. ಮೊದಲು ಬಾಗುವ ಗೆರೆಗಳ ಒಂದು ಬಲೆ. ಸ್ಪ್ಲೈನ್ ಅಂತಾರಂತೆ. ಗೆರೆಗಳು ಕೂಡುವಲ್ಲೆಲ್ಲ ಪಾಯಿಂಟುಗಳು. ಬಲೆಯ ಮೇಲೆ ಚರ್ಮ ಹೊದಿಸಿದರೆ ಮನುಷ್ಯ ರೆಡಿ. ಪಾಯಿಂಟ್ ಎಳೆದರೆ ಉಬ್ಬು, ಒತ್ತಿದರೆ ಸಪಾಟು.

"ಹೊಟ್ಟಿ ಸ್ವಲ್ಪ ಒಳಗ ತಗೋವಾ," ಎಂದೆ ನನ್ನ ಗೊಂಬೆ ನೋಡಿ.

ಒತ್ತಿದಳು. ಎದೆ ಉಬ್ಬಿತು. ಎದೆ ಒತ್ತಿದಳು. ಕುತ್ತಿಗೆ ಊದಿತು.

"ಗೆರಿ ಒಂದಕ್ಕೊಂದು ಹತ್ಕೊಂಡಿರ್ತಾವ ಮಾಮಾ. ಒಂದು ಕಡಿ ಒತ್ತಿದ್ರ ಬಾಜೂಕ ಏಳ್ತದ. ಎಲ್ಲಾ ಕೂಡಿಸಿ ಸ್ಮೂತ್ ಮಾಡ್ಬೇಕು."

(ಮದುವೆ ಮನೆಯೂ ಹೀಗೇ ಅಲ್ಲವೇ? ದೊಡ್ಡ ಕಾಕಾನನ್ನು ಸಮಾಧಾನ ಮಾಡುವಷ್ಟರಲ್ಲಿ ಸಣ್ಣ ಕಾಕಾ ಉಬ್ಬಿಕೊಂಡು ಕೂತಿರುತ್ತಾನೆ.)

ನನ್ನ ಹೊಟ್ಟೆ ಕರಗಿದ ಸುದ್ದಿ ಹಬ್ಬಿತು. ನೆಹರು ಗಂಜ್‌ನಲ್ಲಿ ತೊಗರಿ ವ್ಯಾಪಾರ ಮಾಡುವ ಅವಳ ಕಾಕಾ ಓಡಿಬಂದು ತನ್ನ ಎರಡನೇ ಗದ್ದ ತೆಗೆಸಿಕೊಂಡ. ಅಕ್ಕ ಕಣ್ಣ ಕೆಳಗಿನ ಊತ ಇಳಿಸಿಕೊಂಡಳು. ಬೀಗರ ಕಡೆಯವರ ಸುಕ್ಕನ್ನೂ ಅವಳೇ ಹೇಳಿ ತೆಗೆಸಿದಳು. ಸಂಜೆ ಹೊತ್ತಿಗೆ ನಾವೆಲ್ಲ ಹೊಸ ಸಾಬೂನಿನ ಹಾಗೆ ನುಣ್ಣಗಾಗಿದ್ದೆವು.

ಇದ್ದ ಹಾಗೇ ಉಳಿದದ್ದು ಒಂದೇ ಮುಖ. ಅಶ್ವಿನಿಯದು. ಅವಳ ಎಡಗೆನ್ನೆಯಲ್ಲಿ ಸುಟ್ಟ ಕಲೆ, ನಡುವೆ ಸಣ್ಣ ತಗ್ಗು. ಚಿಕ್ಕವಳಿದ್ದಾಗ ರೊಟ್ಟಿ ಹಂಚು ತಾಗಿದ್ದು. ಗೊಂಬೆಗೂ ಅದನ್ನು ಮಾಡಿಟ್ಟಿದ್ದಳು.

ಅಕ್ಕ ನನ್ನನ್ನು ಪಕ್ಕಕ್ಕೆ ಕರೆದಳು. ಹುಡುಗನಿಗೆ, ಅವನ ಅಪ್ಪ-ಅವ್ವನಿಗೆ ಕಲೆ ಗೊತ್ತು. ಆದರೆ ಮೊಣಕಾಲು ನೋವಿನಿಂದ ಹೆಣ್ಣು ನೋಡಲು ಬಾರದಿದ್ದ ಅವನ ಅಜ್ಜಿಗೆ ಗೊತ್ತಿಲ್ಲ. ಎಲ್ಲರ ಬಾಯಲ್ಲೂ ಆಕೆ ಆಯಿ. ಆ ಮನೆಯಲ್ಲಿ ಆಯಿ ಹೇಳಿದ್ದೇ ಮಾತು.

"ನೀನರ ಹೇಳೋ, ಅದೊಂದು ಒತ್ತಿಬಿಡು ಅಂತ," ಎಂದು ಅಕ್ಕ ನನ್ನನ್ನು ಮುಂದೆ ಮಾಡಿದಳು. ಹೇಳಿದೆ.

"ನಿಮ್ಮ ಹೊಟ್ಟಿ ಒತ್ತೀನಿ, ಕಾಕಾನ ಗದ್ದಾ ಒತ್ತೀನಿ," ಎಂದಳು ಅಶ್ವಿನಿ. "ಇದನ್ನ ಒತ್ತಿದ್ರ ಆ ಮನ್ಯಾಗ ದಿನಾ ಪೌಡರ್ ಬಡ್ಕೊಂಡು ಕುಂಡ್ರಬೇಕು. ಆಯಿ ಒಲ್ಲೆ ಅನ್ನೂದಿದ್ರ ಈಗೇ ಅಂದ್ಬಿಡ್ಲಿ."

ನಾನು ಇನ್ನೊಂದು ಮಿರ್ಚಿ ತಿಂದೆ.

ಮರುದಿನ ಅಕ್ಕ, ನಾನು ಲ್ಯಾಪ್‌ಟಾಪ್ ಹಿಡಿದು ಕಮಲಾಪುರಕ್ಕೆ ಹೋದೆವು. (ಬೀಗರಿಗೆ ತೋರಿಸದೆ ಊರಿಗೆಲ್ಲ ಕಳಿಸಿದರೆ ಮುಗೀತು ಕಥೆ.) ತಟ್ಟೆ ತುಂಬ ಕೆಂಪು ಬಾಳೆಹಣ್ಣು ತಂದಿಟ್ಟರು. ಅಕ್ಕ ಮುಟ್ಟಲಿಲ್ಲ.

ಆಯಿ ಕನ್ನಡಕ ಏರಿಸಿ ಮೊದಲು ತಮ್ಮ ಗೊಂಬೆ ನೋಡಿದರು. ಒಂದೂ ಸುಕ್ಕಿಲ್ಲ. 'ನನ್ನ ಸುಕ್ಕು ನನಗೆ ಕೊಡಿ' ಎನ್ನುತ್ತಾರೆ, ನಾನು ಬರೆಯುವ ಈ ಅಂಕಣಕ್ಕೊಂದು ಒಳ್ಳೆಯ ಕೊನೆ ಸಿಗುತ್ತದೆ ಎಂದು ಕಾದೆ.

"ಛಂದ ಆಗ್ಯಾದ. ಗದ್ದದ ಕೆಳಗ ಇನ್ನೊಂಚೂರು ಒತ್ತಲಿಕ್ಕಿ ಹೇಳ್ರಿ," ಎಂದರು.

ಆಮೇಲೆ ನಮ್ಮ ಸಾಲು. "ಇಕಿ ಯಾರು?" ಎಂದರು. ಅದು ಅಕ್ಕ. ಪಕ್ಕದಲ್ಲೇ ಕೂತಿದ್ದಳು. "ಇಂವ?" ಅದು ನಾನು. ಆಯಿ ಸ್ಕ್ರೀನನ್ನೊಮ್ಮೆ, ನನ್ನ ಹೊಟ್ಟೆಯನ್ನೊಮ್ಮೆ ನೋಡಿ ಕನ್ನಡಕ ಒರೆಸಿಕೊಂಡರು.

ಕೊನೆಗೆ ಮದುಮಗಳು. ಆಯಿ ಬಗ್ಗಿ ಕಲೆಯ ಮೇಲೆ ಬೆರಳಿಟ್ಟರು. ಅಕ್ಕ ನನ್ನ ಕೈ ಗಟ್ಟಿ ಹಿಡಿದಳು.

"ಹಂಚು ತಾಗಿದ್ದೇನು?"

"ಹೌದ್ರಿ," ಎಂದಳು ಅಕ್ಕ, ಸಣ್ಣ ದನಿಯಲ್ಲಿ.

"ಇಷ್ಟು ಮಂದ್ಯಾಗ ಇಕಿ ಒಬ್ಬಾಕಿನೇ ಮನುಷ್ಯಾರಂಗ ಕಾಣ್ತಾಳ. ನಾಳಿ ಬಾಗಿಲಾಗ ಬಂದು ನಿಂತ್ರ ನಾ ಗುರ್ತು ಹಿಡೀತೀನಿ."

ಅಕ್ಕ ಕಣ್ಣೊರೆಸಿಕೊಂಡು ಬಾಳೆಹಣ್ಣು ಸುಲಿದಳು. ನನಗೂ ಬಹಳ ಖುಷಿಯಾಯಿತು. ವಿಡಿಯೊ ಅಂದೇ ಊರ ತುಂಬ ಹೋಯಿತು. ಚಿಂತೆ ಶುರುವಾದದ್ದು ಆಮೇಲೆ. ಮದುಮಗಳನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ, ಅಂದರೆ ನಾನು.

ವಿಡಿಯೊದಲ್ಲಿದ್ದ ಆ ಸಪಾಟು ಹೊಟ್ಟೆಯವರು ಯಾಕೆ ಬರಲಿಲ್ಲ ಎಂದು ಬೀಗರು ಕೇಳಿದರೆ, ಯಾರನ್ನು ತೋರಿಸಲಿ?